ಬೆಟ್ಟದಲ್ಲಿ ನಡೆದರೆ ಖಿನ್ನತೆ ವಾಸಿಯಾಗುತ್ತದೆಯೇ? ಶಿವರಾಮ ಕಾರಂತರ ಬದುಕಿನಲ್ಲಿದೆ ಉತ್ತರ

ಅಕ್ಟೋಬರ್ 10 ಕನ್ನಡಿಗರಿಗೆ ಕೋಟ ಶಿವರಾಮ ಕಾರಂತರು ಹುಟ್ಟಿದ ದಿನ. 1992ರಿಂದ ಜಗತ್ತು ಅದೇ ದಿನವನ್ನು ವಿಶ್ವ ಮಾನಸಿಕ ಆರೋಗ್ಯ ದಿನವಾಗಿಯೂ ಆಚರಿಸುತ್ತಿದೆ. ಎರಡೂ ಒಂದೇ ದಿನ ಬಂದಿರುವುದು ಕಾಕತಾಳೀಯ, ಅಷ್ಟೇ. ಆದರೆ ಕಾರಂತರ ಬದುಕಿಗೂ ಮಾನಸಿಕ ಆರೋಗ್ಯದ ಬಗ್ಗೆ ನಮ್ಮ ಮೊಬೈಲಿಗೆ ಬರುವ ಸಂದೇಶಗಳಿಗೂ ಒಂದು ನಂಟು ಇದೆ ಎಂದು ನಮಗೆ ಅನಿಸಿತು.

ಆ ಸಂದೇಶವನ್ನು ನೀವೂ ನೋಡಿರುತ್ತೀರಿ. ಎರಡು ಚಿತ್ರ ಅಕ್ಕಪಕ್ಕ ಇರುತ್ತವೆ. ಒಂದರಲ್ಲಿ ಹಸಿರು ಕಾಡು, ಇನ್ನೊಂದರಲ್ಲಿ ಮಾತ್ರೆಗಳು. ಕಾಡೇ ನಿಜವಾದ ಮದ್ದು, ಮಾತ್ರೆ ಬರೀ ವಿಷ ಎಂಬುದು ಅದರ ಸಾರಾಂಶ. ಕೆಲವೊಮ್ಮೆ ಜೊತೆಗೆ ಹಿರಿಯರ ಉದಾಹರಣೆಯೂ ಇರುತ್ತದೆ: ಹಿಂದಿನವರು ಗುಡ್ಡೆ ಹತ್ತಿ ಇಳಿಯುತ್ತಿದ್ದರು, ಅವರಿಗೆ ಖಿನ್ನತೆ ಎಂಬುದೇ ಗೊತ್ತಿರಲಿಲ್ಲ ಎಂದು.

ಇದು ಎಷ್ಟು ನಿಜ? ಪುತ್ತೂರು, ಸುಳ್ಯ, ಕಡಬದ ಗುಡ್ಡೆ ಮತ್ತು ಕಾಡನ್ನು ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿದ ಕಾರಂತರ ಬದುಕನ್ನೇ ಇಟ್ಟುಕೊಂಡು ನಾವು ಇದನ್ನು ಪರಿಶೀಲಿಸಿದ್ದೇವೆ.

ಕಾಲೇಜು ಬಿಟ್ಟು ಹಳ್ಳಿಯ ದಾರಿ ಹಿಡಿದ ಯುವಕ

ಕಾರಂತರು ಹುಟ್ಟಿದ್ದು 1902ರಲ್ಲಿ, ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂತು. 1922ರಲ್ಲಿ ಓದು ಬಿಟ್ಟರು. ಅಲ್ಲಿಂದ 1927ರವರೆಗೆ ಸುಮಾರು 5 ವರ್ಷ ಖಾದಿ ಮತ್ತು ಸ್ವದೇಶಿ ಪ್ರಚಾರಕ್ಕಾಗಿ ಊರೂರು ಸುತ್ತಿದರು. ಕಾರ್ನಾಡು ಸದಾಶಿವರಾಯರು ಆಗ ಈ ಭಾಗದ ಕಾಂಗ್ರೆಸ್ಸಿನ ಮುಂದಾಳು.

ಅದು ದಕ್ಷಿಣ ಕನ್ನಡದ ಒಳನಾಡಿಗೆ ರಸ್ತೆ, ಬಸ್ಸು, ಸೇತುವೆಗಳು ತೀರಾ ಕಡಿಮೆ ಇದ್ದ ಕಾಲ. ಹೊಳೆ ದಾಟಲು ದೋಣಿ, ತೋಡು ದಾಟಲು ಅಡಿಕೆ ಮರದ ಸಂಕ, ಉಳಿದ ದಾರಿಗೆ ಕಾಲು. ಜನರನ್ನು ಕಾಣಬೇಕಾದರೆ ಅವರ ಮನೆಯಂಗಳದವರೆಗೆ ಹೋಗಬೇಕು. ಕಾರಂತರ ಬರಹಗಳಲ್ಲಿ ಕೂಲಿಯವರು, ಒಕ್ಕಲುಗಳು, ಕುಡಿಯರು, ವಿಧವೆಯರು ಅಷ್ಟು ಹತ್ತಿರದಿಂದ ಕಾಣಿಸುವುದಕ್ಕೆ ಈ ತಿರುಗಾಟವೂ ಒಂದು ಕಾರಣ. 1933ರಲ್ಲಿ ಬಂದ 'ಚೋಮನ ದುಡಿ' ಒಬ್ಬ ದಲಿತ ಜೀತದಾಳಿನ ಕಥೆ. 1951ರ 'ಕುಡಿಯರ ಕೂಸು' ಪಶ್ಚಿಮ ಘಟ್ಟದ ಮಲೆಕುಡಿಯರ ಬದುಕಿನ ಕಥೆ.

ಪುತ್ತೂರಿನ ಬಾಲವನ

ತಿರುಗಾಟದ ಬಳಿಕ ಕಾರಂತರು ನೆಲೆ ನಿಂತದ್ದು ಪುತ್ತೂರಿನಲ್ಲಿ. ಸುಮಾರು ನಾಲ್ಕು ದಶಕ ಅದೇ ಅವರ ಊರು. ಪರ್ಲಡ್ಕದ ಗುಡ್ಡೆಯಲ್ಲಿ ಬಾಲವನ ಎಂಬ ಹೆಸರಿನಲ್ಲಿ ಮನೆ ಮಾಡಿ, ಮಕ್ಕಳಿಗಾಗಿ ಹೊಸ ರೀತಿಯ ಕಲಿಕೆಯ ಪ್ರಯೋಗ ನಡೆಸಿದರು. ಬೆತ್ತ ಮತ್ತು ಕಂಠಪಾಠಕ್ಕಿಂತ ಆಟ, ಹಾಡು, ಕುಣಿತ, ನಾಟಕ ಮತ್ತು ಸುತ್ತಲಿನ ಲೋಕವನ್ನು ಕಣ್ಣಾರೆ ನೋಡುವುದು ಅಲ್ಲಿ ಮುಖ್ಯವಾಗಿತ್ತು.

1936ರಲ್ಲಿ ಮಕ್ಕಳಿಗಾಗಿ 'ಬಾಲ ಪ್ರಪಂಚ' ಎಂಬ 3 ಸಂಪುಟಗಳ ವಿಶ್ವಕೋಶ ತಂದರು. ಮುಂದೆ ದೊಡ್ಡವರಿಗಾಗಿ 4 ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. ಕಾಲೇಜು ಮುಗಿಸದ ವ್ಯಕ್ತಿ ಕನ್ನಡದಲ್ಲಿ ವಿಜ್ಞಾನವನ್ನು ಮನೆಮನೆಗೆ ತಂದ ಕೆಲಸ ಇದು. ಕಂಡದ್ದನ್ನು ನಂಬು, ಕೇಳಿದ್ದನ್ನು ಪರೀಕ್ಷಿಸು ಎಂಬುದು ಅವರು ಜೀವನವಿಡೀ ಬಿಡದ ಧೋರಣೆ. ಹಾಗಾಗಿ ಅವರ ಹೆಸರಿನಲ್ಲಿ ಒಂದು ಮಾತನ್ನು ಪರೀಕ್ಷಿಸದೆ ಹಂಚುವುದು ಅವರಿಗೇ ಒಪ್ಪಿಗೆಯಾಗುತ್ತಿರಲಿಲ್ಲ.

1936ರಲ್ಲೇ ಅವರು ಲೀಲಾ ಆಳ್ವ ಅವರನ್ನು ಮದುವೆಯಾದರು. ಜಾತಿ ಮೀರಿದ ಮದುವೆ ಅದು, ಆ ಕಾಲಕ್ಕೆ ಸಣ್ಣ ಮಾತಲ್ಲ. ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ ಎಂಬ ನಾಲ್ವರು ಮಕ್ಕಳು. ಅವರು ಬೆಳೆದದ್ದು ಮರ, ಹಕ್ಕಿ, ಪುಸ್ತಕ, ಯಕ್ಷಗಾನದ ನಡುವೆ. ಉಲ್ಲಾಸ ಕಾರಂತರು ಮುಂದೆ ಹುಲಿಗಳ ಅಧ್ಯಯನದಿಂದ ಜಗತ್ತಿನಾದ್ಯಂತ ಹೆಸರಾದರು.

ದಾರಿ ತೋರಿಸುವವರ ಕಥೆ: 'ಬೆಟ್ಟದ ಜೀವ'

ಇಂದು ಬೇರೆ ದೇಶಗಳಲ್ಲಿ ಮನಸ್ಸಿನ ಆರೋಗ್ಯಕ್ಕಾಗಿ ಮಾರ್ಗದರ್ಶಕರ ಜೊತೆ ಹಳ್ಳಿಗಾಡಿನಲ್ಲಿ ನಡೆಯುವ ಕಾರ್ಯಕ್ರಮಗಳಿವೆ. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ಇದಕ್ಕೆ ಕಾಡಿನ ಸ್ನಾನ ಎಂಬ ಅರ್ಥದ ಹೆಸರಿಟ್ಟಿತು. ಇಂಗ್ಲೆಂಡಿನಲ್ಲಿ 2021ರಿಂದ 7 ಕಡೆ ಪ್ರಾಯೋಗಿಕವಾಗಿ ರೋಗಿಗಳನ್ನು ನಡಿಗೆ, ತೋಟಗಾರಿಕೆಯಂಥ ಹೊರಾಂಗಣ ಗುಂಪುಗಳಿಗೆ ಕಳುಹಿಸುವ ವ್ಯವಸ್ಥೆ ಮಾಡಲಾಯಿತು.

ಕಾರಂತರು ಅಂಥ ಶಿಬಿರ ನಡೆಸಿದವರಲ್ಲ. ಆದರೆ 1943ರಲ್ಲಿ ಬಂದ ಅವರ 'ಬೆಟ್ಟದ ಜೀವ' ಕಾದಂಬರಿಯನ್ನು ಈ ಕಣ್ಣಿನಿಂದ ಓದಿದರೆ ಅದರಲ್ಲಿ ಇರುವುದು ಇಂಥದ್ದೇ ಒಂದು ನಡಿಗೆ. ಕಥೆ ನಡೆಯುವುದು ಸುಬ್ರಹ್ಮಣ್ಯದ ಸುತ್ತಿನ ಕಾಡಿನಲ್ಲಿ, ಕುಮಾರಪರ್ವತದ ನೆರಳಿನಲ್ಲಿ. ಆಗ ಸುಳ್ಯ, ಕಡಬ ಪ್ರತ್ಯೇಕ ತಾಲ್ಲೂಕುಗಳಾಗಿರಲಿಲ್ಲ. ಸುಬ್ರಹ್ಮಣ್ಯ ಇಂದು ಕಡಬ ತಾಲ್ಲೂಕಿನಲ್ಲಿದೆ.

ಕಥೆ ಹೇಳುವವನಿಗೆ ಸಂಜೆಯ ಹೊತ್ತು ಕಾಡಿನಲ್ಲಿ ದಾರಿ ತಪ್ಪುತ್ತದೆ. ಆ ಕಡೆಯ ಇಬ್ಬರು, ದೇರಣ್ಣ ಮತ್ತು ಬಟ್ಯ, ಅವನನ್ನು ಗೋಪಾಲಯ್ಯ ಎಂಬ ಹಿರಿಯರ ಮನೆಗೆ ಮುಟ್ಟಿಸುತ್ತಾರೆ. ಮುಂದಿನ ದಿನಗಳಲ್ಲಿ ಗೋಪಾಲಯ್ಯ ತಾವು ಕಾಡು ಕಡಿದು ಕಟ್ಟಿದ ತೋಟ, ಹೊಳೆ, ಬೆಟ್ಟವನ್ನು ಅತಿಥಿಗೆ ತೋರಿಸುತ್ತಾ ನಡೆಸುತ್ತಾರೆ. ದಾರಿ ಬಲ್ಲ ಒಬ್ಬರು ಮುಂದೆ, ಹೊಸಬ ಹಿಂದೆ, ನಡುವೆ ಮಾತು.

ಆದರೆ ಕಾದಂಬರಿಯ ತಿರುಳು ಬೇರೆಯೇ ಇದೆ. ಗೋಪಾಲಯ್ಯ ಮತ್ತು ಶಂಕರಮ್ಮನ ಮಗ ಮನೆ ಬಿಟ್ಟು ಹೋಗಿದ್ದಾನೆ. ಸುತ್ತ ಎಷ್ಟು ಹಸಿರಿದ್ದರೂ, ದಿನವೂ ಎಷ್ಟು ಗುಡ್ಡೆ ಹತ್ತಿದರೂ ಆ ನೋವು ಹೋಗಿಲ್ಲ. ಮುದುಕಿ ಒಳಗೊಳಗೇ ಕೊರಗುತ್ತಾಳೆ. ಮುದುಕರು ನಗುಮಾತಿನಲ್ಲಿ ಮುಚ್ಚಿಡುತ್ತಾರೆ. ಅವರಿಗೆ ಕೊಂಚ ಹಗುರವೆನಿಸುವುದು ಮಾತಿಗೆ ಒಬ್ಬರು ಸಿಕ್ಕಾಗ.

ಅಂದರೆ ಹಿಂದಿನವರಿಗೆ ಮನಸ್ಸಿನ ನೋವು ಗೊತ್ತಿರಲಿಲ್ಲ ಎಂಬ ಮಾತನ್ನು ಈ ಒಂದು ಕಾದಂಬರಿಯೇ ಒಪ್ಪುವುದಿಲ್ಲ. ನೋವು ಇತ್ತು. ಅದನ್ನು ಹೇಳಿಕೊಳ್ಳಲು ಹೆಸರು ಮತ್ತು ಆಸ್ಪತ್ರೆ ಇರಲಿಲ್ಲ.

ಬಾಲವನದ ಮನೆಗೆ ಬಂದ ದುಃಖ

1961ರಲ್ಲಿ ಕಾರಂತ ದಂಪತಿಯ ಹಿರಿಯ ಮಗ ಹರ್ಷ ತೀರಿಕೊಂಡರು. ಮಗ ದೂರವಾದ ಹಿರಿಯರ ಕಥೆ ಬರೆದು 18 ವರ್ಷಗಳ ಬಳಿಕ ಬರೆದವರ ಮನೆಯಲ್ಲೇ ಮಗನ ಸಾವು.

ಲೀಲಾ ಅವರನ್ನು ಮುಂದೆ ಮಾನಸಿಕ ಕಾಯಿಲೆ ಕಾಡಿತು. ಇದು ಗುಟ್ಟಿನ ವಿಷಯವಲ್ಲ. ಮಕ್ಕಳಾದ ಉಲ್ಲಾಸ, ಮಾಳವಿಕಾ ಮತ್ತು ಕ್ಷಮಾ ಮೂವರೂ ಸೇರಿ ಬರೆದು 2021ರಲ್ಲಿ ಪ್ರಕಟವಾದ 'ಗ್ರೋಯಿಂಗ್ ಅಪ್ ಕಾರಂತ್' ಪುಸ್ತಕದಲ್ಲಿ ತಂದೆಯ ಸಾಧನೆಯ ಜೊತೆ ತಾಯಿಯ ಬದುಕನ್ನೂ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮನೆಯ ಸುತ್ತ ಮರಗಳು, ಹಕ್ಕಿಗಳು. ಹಾಡು, ಕಲೆ, ಪುಸ್ತಕ, ಊರಿನ ಗೌರವ, ಪ್ರೀತಿಸುವ ಕುಟುಂಬ ಎಲ್ಲವೂ ಇತ್ತು. ಫಾರ್ವರ್ಡ್ ಸಂದೇಶದ ಲೆಕ್ಕದಲ್ಲಿ ಅಂಥ ಮನೆಗೆ ಮಾನಸಿಕ ಕಾಯಿಲೆ ಬರಲೇಬಾರದು. ಆದರೂ ಬಂತು. ಸಕ್ಕರೆ ಕಾಯಿಲೆ, ರಕ್ತದೊತ್ತಡದಂತೆ ಇದೂ ಯಾರ ಮನೆಗೂ ಬರಬಹುದಾದ ಕಾಯಿಲೆ. ಬಂದವರ ತಪ್ಪಲ್ಲ, ಮನೆಯವರ ತಪ್ಪೂ ಅಲ್ಲ. ಅವರು ಸಾಕಷ್ಟು ನಡೆಯಲಿಲ್ಲ, ಸಾಕಷ್ಟು ಗಟ್ಟಿಯಾಗಿರಲಿಲ್ಲ ಎಂದು ದೂರುವುದು ನೊಂದವರ ಮೇಲೆ ಇನ್ನೊಂದು ಭಾರ ಹೊರಿಸಿದಂತೆ.

ಅದೇ ಮನೆಯಲ್ಲಿ ಬೆಳೆದ ಮಾಳವಿಕಾ ಕಪೂರ್ ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ಪ್ರಾಧ್ಯಾಪಕರಾದರು. ಮಕ್ಕಳ ಮನಸ್ಸಿನ ಆರೋಗ್ಯ ಅವರ ಮುಖ್ಯ ಕ್ಷೇತ್ರ.

ಹಾಗಾದರೆ ನಡಿಗೆಯಿಂದ ಪ್ರಯೋಜನವೇ ಇಲ್ಲವೇ?

ಇದೆ, ಖಂಡಿತ ಇದೆ. ಎಷ್ಟು ಇದೆ ಎಂಬುದನ್ನು ಅಧ್ಯಯನಗಳು ಹೀಗೆ ಹೇಳುತ್ತವೆ.

ಒಂದು: 2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 38 ಜನರನ್ನು ಎರಡು ಗುಂಪು ಮಾಡಿ 90 ನಿಮಿಷ ನಡೆಸಿದರು. ಒಂದು ಗುಂಪು ಮರಗಿಡಗಳ ನಡುವೆ, ಇನ್ನೊಂದು ಗಿಜಿಗುಡುವ ರಸ್ತೆಯ ಬದಿಯಲ್ಲಿ. ಹಸಿರಿನ ನಡುವೆ ನಡೆದವರಲ್ಲಿ ಒಂದೇ ಚಿಂತೆಯನ್ನು ಮತ್ತೆ ಮತ್ತೆ ಮೆಲುಕು ಹಾಕುವುದು ಕಡಿಮೆಯಾಯಿತು. ಆದರೆ ಅವರೆಲ್ಲ ಆರೋಗ್ಯವಂತರು, ಕಾಯಿಲೆ ಇದ್ದವರಲ್ಲ.

ಎರಡು: 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದಾಗ, ವಾರಕ್ಕೆ ಒಟ್ಟು 120 ನಿಮಿಷವಾದರೂ ಪ್ರಕೃತಿಯ ನಡುವೆ ಕಳೆಯುವವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದು ಹೇಳಿದ್ದು ಹೆಚ್ಚು. ಇಲ್ಲೂ ಒಂದು ಎಚ್ಚರಿಕೆ ಬೇಕು. ಪ್ರಕೃತಿಯಿಂದಲೇ ನೆಮ್ಮದಿ ಬಂತೋ, ನೆಮ್ಮದಿ ಇದ್ದವರೇ ಹೆಚ್ಚು ಹೊರಗೆ ಹೋಗುತ್ತಾರೋ ಎಂಬುದನ್ನು ಇಂಥ ಸಮೀಕ್ಷೆ ಬಿಡಿಸಿ ಹೇಳಲಾರದು.

ಮೂರು: 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಮರ್ಶೆ ಖಿನ್ನತೆ ಇರುವವರ ಮೇಲೆ ನಡೆದ 218 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ನಡಿಗೆ ಅಥವಾ ಓಟ, ಯೋಗ, ಭಾರ ಎತ್ತುವ ವ್ಯಾಯಾಮಗಳಿಂದ ಖಿನ್ನತೆಯ ಲಕ್ಷಣಗಳು ಗಮನಾರ್ಹವಾಗಿ ತಗ್ಗಿದ್ದು ಕಂಡಿತು. ಆದರೆ ಬಹಳಷ್ಟು ಪ್ರಯೋಗಗಳ ಗುಣಮಟ್ಟ ಅಷ್ಟು ಗಟ್ಟಿಯಿಲ್ಲ ಎಂಬುದನ್ನೂ ಸಂಶೋಧಕರು ಹೇಳಿದ್ದಾರೆ. ಆಪ್ತಸಮಾಲೋಚನೆ ಮತ್ತು ಔಷಧದ ಜೊತೆ ವ್ಯಾಯಾಮವನ್ನೂ ಚಿಕಿತ್ಸೆಯ ಒಂದು ಮುಖ್ಯ ಭಾಗವಾಗಿ ನೋಡಬೇಕು ಎಂಬುದು ಅವರ ನಿಲುವು.

ನಡಿಗೆ ಕೆಲಸ ಮಾಡುವ ಬಗೆಯೂ ನಿಗೂಢವೇನಲ್ಲ. ದೇಹ ದಣಿದರೆ ನಿದ್ದೆ ಸುಧಾರಿಸುತ್ತದೆ. ಕಣ್ಣು, ಕಿವಿಗೆ ಹೊಸದು ಸಿಕ್ಕಾಗ ಚಿಂತೆಯ ಚಕ್ರ ಸ್ವಲ್ಪ ಹೊತ್ತು ನಿಲ್ಲುತ್ತದೆ. ಜೊತೆಗೆ ಯಾರಾದರೂ ಇದ್ದರೆ ಒಂಟಿತನ ತಗ್ಗುತ್ತದೆ. ಎದುರುಬದುರು ಕೂತು ಹೇಳಲಾಗದ ಮಾತು ಪಕ್ಕದಲ್ಲಿ ನಡೆಯುತ್ತಾ ಸುಲಭವಾಗಿ ಬಾಯಿಗೆ ಬರುತ್ತದೆ.

ಕೊನೆಯವರೆಗೂ ಚುರುಕು, ಆದರೆ ಅದು ಪುರಾವೆಯಲ್ಲ

1970ರ ದಶಕದಲ್ಲಿ ಕಾರಂತರು ಪುತ್ತೂರು ಬಿಟ್ಟು ಕೋಟದ ಪಕ್ಕದ ಸಾಲಿಗ್ರಾಮಕ್ಕೆ ಹೋದರು. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರ ಜ್ಞಾನಪೀಠ ಬಂತು. ಕೈಗಾ ಅಣುಸ್ಥಾವರದ ವಿರುದ್ಧ ಹೋರಾಡಿ, 1989ರಲ್ಲಿ 87ನೆಯ ವಯಸ್ಸಿನಲ್ಲಿ ಲೋಕಸಭೆ ಚುನಾವಣೆಗೂ ನಿಂತು ಸೋತರು. 90 ದಾಟಿದ ಮೇಲೂ ಬರೆದರು. ಬದುಕಿನ ಕೊನೆಯ ಹಂತದಲ್ಲಿ ಅವರು ಬರೆದ ಪುಸ್ತಕ ಹಕ್ಕಿಗಳ ಬಗ್ಗೆ. 1997ರ ಡಿಸೆಂಬರ್ 9ರಂದು, 95ನೆಯ ವಯಸ್ಸಿನಲ್ಲಿ, ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡರು.

ಕಾರಂತರ ಈ ದೀರ್ಘಾಯುಷ್ಯ ಕಾಡಿನ ಗಾಳಿಯ ಫಲ ಎಂದು ಹೇಳುವುದು ಸುಲಭ. ಆದರೆ ಒಬ್ಬರ ಬದುಕಿನಿಂದ ಅಂಥ ತೀರ್ಮಾನಕ್ಕೆ ಬರಲಾಗದು. ಅದೇ ಗಾಳಿಯಲ್ಲಿ ಬೆಳೆದ ಮಗ ಬೇಗ ಹೋದರು. ಅದೇ ಮನೆಯಲ್ಲಿದ್ದ ಹೆಂಡತಿ ಕಾಯಿಲೆ ಬಿದ್ದರು. ಕಾರಂತರನ್ನೂ ಕೊನೆಗೆ ನೋಡಿಕೊಂಡದ್ದು ವೈದ್ಯರೇ.

ಪುತ್ತೂರು, ಸುಳ್ಯ, ಕಡಬದಲ್ಲಿ ಇಂದು ನಡೆಯುವವರಿಗೆ

ಈ ಮೂರು ತಾಲ್ಲೂಕುಗಳಲ್ಲಿ ಮನಸ್ಸಿಗೆ ಭಾರವಾಗುವ ಕಾರಣಗಳಿಗೆ ಕೊರತೆಯಿಲ್ಲ. ಸುಳ್ಯದ ಕಡೆ ಅಡಿಕೆಗೆ ಹಳದಿ ರೋಗ, ಅದರ ಮೇಲೆ ಎಲೆಚುಕ್ಕಿ ರೋಗ. ಮಕ್ಕಳು ಬೆಂಗಳೂರಲ್ಲೋ ವಿದೇಶದಲ್ಲೋ ಇರುವ ದೊಡ್ಡ ಮನೆಗಳಲ್ಲಿ ಹಿರಿಯರಿಬ್ಬರೇ. ಗೋಪಾಲಯ್ಯ, ಶಂಕರಮ್ಮನಂಥವರು ಇಂದಿಗೂ ಇದ್ದಾರೆ. ಅವರಿಗೆ ನಡಿಗೆ ನೆರವಾಗಬೇಕಾದರೆ ಕೆಲವು ವಿಷಯ ನೆನಪಿಡಿ.

• ಹತ್ತಿರದ, ಸಲೀಸಾದ ದಾರಿ ಆರಿಸಿ. ಬೈಲಿನ ದಾರಿ, ತೋಟದ ಬದಿ, ಪುತ್ತೂರಿನ ಬೀರಮಲೆ ಗುಡ್ಡೆ ಸಾಕು. ಸ್ಮಾರಕವಾಗಿ ಉಳಿಸಿಕೊಂಡಿರುವ ಬಾಲವನವನ್ನೂ ನೋಡಿ ಬರಬಹುದು. 1,712 ಮೀಟರ್ ಎತ್ತರದ ಕುಮಾರಪರ್ವತ ಕಠಿಣ ಚಾರಣ. ಅಭ್ಯಾಸವಿಲ್ಲದವರಿಗೆ, ಮನಸ್ಸು ಕುಗ್ಗಿದವರಿಗೆ ಅದು ಮೊದಲ ಹೆಜ್ಜೆ ಆಗಬಾರದು. ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು.

• ಒಬ್ಬರೇ ಕಾಡಿಗೆ ಹೋಗಬೇಡಿ. ದಾರಿ ಬಲ್ಲ ಊರಿನವರು ಜೊತೆಗಿರಲಿ. 2023ರ ಫೆಬ್ರುವರಿಯಲ್ಲಿ ಕಡಬದ ರೆಂಜಿಲಾಡಿ ಬಳಿ ಕಾಡಾನೆ ದಾಳಿಗೆ ಇಬ್ಬರು ಪ್ರಾಣ ಕಳೆದುಕೊಂಡರು. ಬೆಳಗಿನ ಜಾವ ಮತ್ತು ಮುಸ್ಸಂಜೆ ಕಾಡಂಚಿನಲ್ಲಿ ತಿರುಗಬೇಡಿ.

• ಮಳೆಗಾಲದಲ್ಲಿ ತೋಡು, ಹೊಳೆ ದಾಟುವ ದಾರಿ ಬಿಡಿ. ಘಟ್ಟದ ಮೇಲೆ ಸುರಿದ ಮಳೆಗೆ ಕೆಳಗೆ ನೀರು ಒಮ್ಮೆಲೇ ಏರಬಹುದು. ಮೊಬೈಲ್ ನೆಟ್‌ವರ್ಕ್ ಸಿಗದ ಜಾಗಗಳೂ ಬಹಳ ಇವೆ. ಹೋಗುವ ದಾರಿ, ಹಿಂದಿರುಗುವ ಹೊತ್ತನ್ನು ಮನೆಯಲ್ಲಿ ಹೇಳಿ ಹೊರಡಿ.

• ಬೇಸರದಲ್ಲಿರುವವರನ್ನು ವಾಕಿಂಗ್ ಹೋಗಿ ಎಂದು ಕಳುಹಿಸುವ ಬದಲು ನೀವೂ ಜೊತೆಗೆ ಹೋಗಿ. ಉಪದೇಶ ಬೇಡ. ಅವರು ಮಾತಾಡಿದರೆ ಕೇಳಿ, ಸುಮ್ಮನಿದ್ದರೆ ನೀವೂ ಸುಮ್ಮನೆ ನಡೆಯಿರಿ.

ನಡಿಗೆ ಸಾಲದು ಎಂದು ತಿಳಿಯುವುದು ಹೇಗೆ?

ಎರಡು ವಾರಕ್ಕೂ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಅಥವಾ ಊಟ ಕೆಡುವುದು, ಕೆಲಸಕ್ಕೆ ಏಳಲಾಗದಿರುವುದು, ತಾನು ಯಾರಿಗೂ ಬೇಡ ಎನಿಸುವುದು, ಇಲ್ಲದ ಧ್ವನಿ ಕೇಳಿಸುವುದು, ಸಾಯುವ ಯೋಚನೆ ಬರುವುದು. ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕಾಣಲೇಬೇಕು. ಸಾಯುವ ಯೋಚನೆ ಇದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಒಂದು ದಿನವೂ ಕಾಯಬೇಡಿ.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು. ಅದು ಆರಂಭವಾದದ್ದೂ ಅಕ್ಟೋಬರ್ 10ರಂದೇ, 2022ರಲ್ಲಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಇರುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ, ಎಷ್ಟು ಹೊತ್ತಿಗೆ ಎಂದು ಮೊದಲೇ ಕೇಳಿಕೊಳ್ಳಿ.

ಮಾತ್ರೆ ತೆಗೆದುಕೊಳ್ಳುತ್ತಿರುವವರು ಯಾವುದೇ ಸಂದೇಶ ನೋಡಿ ಅದನ್ನು ತಾವಾಗಿ ನಿಲ್ಲಿಸಬಾರದು. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ನಿದ್ರಾಹೀನತೆ ಕಾಣಿಸಬಹುದು, ಕಾಯಿಲೆ ಮರುಕಳಿಸಬಹುದು. ಕಡಿಮೆ ಮಾಡುವುದಾದರೂ ಹಂತ ಹಂತವಾಗಿ, ವೈದ್ಯರ ಸಲಹೆಯಂತೆ.

ನಮ್ಮ ದೇಶದಲ್ಲಿ ಈ ಎಚ್ಚರ ಏಕೆ ಮುಖ್ಯ ಎಂದರೆ, ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆ ಇರುವ 100 ಜನರಲ್ಲಿ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಕಾಡಿನ ಚಿತ್ರದ ಆ ಸಂದೇಶ ಉಳಿದ ಕೆಲವರನ್ನೂ ಆಸ್ಪತ್ರೆಯ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಬಹುದು.

ನಮ್ಮ ತೀರ್ಮಾನ

ಹಸಿರಿನ ನಡುವೆ, ಜೊತೆಗಾರರೊಂದಿಗೆ ನಡೆಯುವುದು ಮನಸ್ಸಿಗೆ ಒಳ್ಳೆಯದು ಎಂಬುದು ನಿಜ. ನಡಿಗೆ ಇದ್ದರೆ ಖಿನ್ನತೆಗೆ ವೈದ್ಯರು, ಮಾತ್ರೆ ಬೇಡ ಎಂಬುದು ಸುಳ್ಳು. ಹಿಂದಿನವರಿಗೆ ಮಾನಸಿಕ ಕಾಯಿಲೆ ಇರಲಿಲ್ಲ ಎಂಬುದೂ ಸುಳ್ಳು.

ಆ ಎರಡು ಚಿತ್ರಗಳ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ ಅದನ್ನು ಮುಂದಕ್ಕೆ ಕಳುಹಿಸಬೇಡಿ. ಬದಲಿಗೆ 14416 ಸಂಖ್ಯೆಯನ್ನು ಕಳುಹಿಸಿ. ಆಮೇಲೆ, ಬಹಳ ದಿನದಿಂದ ಮನೆಯಿಂದ ಹೊರಗೆ ಬಾರದ ನೆರೆಮನೆಯವರೊಬ್ಬರನ್ನು ನಾಳೆ ಬೆಳಿಗ್ಗೆ ಬೈಲಿನವರೆಗೆ ನಡೆದು ಬರೋಣವೇ ಎಂದು ಕೇಳಿ ನೋಡಿ.